ಐದು ತಾಸು ಹತ್ತು ನಿಮಿಷ

ರಾತ್ರಿ ಎಂಟಾಯಿತೆಂದರೆ ದುಂಡಪ್ಪನ ಮನೆಯಲ್ಲಿ ಟಿ.ವಿ. ಬಂದ್ ಆಗುತ್ತಿತ್ತು. ಆಮೇಲೆ ಭಾಂಡೆ ತಿಕ್ಕುವ ಹಾಗಿಲ್ಲ, ಮಿಕ್ಸರ್ ಹಚ್ಚುವ ಹಾಗಿಲ್ಲ, ಬಾಗಿಲ ಅಗಳಿ ಸದ್ದು ಮಾಡುವ ಹಾಗಿಲ್ಲ. ಮಗಳು ಶಿವಾನಿ ಫೋನು ಬಂದರೆ ಮಾಳಿಗೆ ಹತ್ತಿ ಮಾತಾಡುತ್ತಿದ್ದಳು. ಮನೆಗೆ ಅಂಟಿಕೊಂಡೇ ಇದ್ದ ಹಿಟ್ಟಿನ ಗಿರಣಿ ಮೊದಲೆಲ್ಲ ಒಂಬತ್ತರ ತನಕ ನಡೆಯುತ್ತಿತ್ತು. ಈಗ ಆರೂವರೆಗೇ ದುಂಡಪ್ಪ ಯಂತ್ರದ ಪಟ್ಟಾ ಬಿಚ್ಚಿಬಿಡುತ್ತಿದ್ದ. ಸಂಜೆ ಜೋಳದ ಬುಟ್ಟಿ ಹೊತ್ತು ಬಂದ ಹೆಂಗಸರು ಮುಚ್ಚಿದ ಬಾಗಿಲು ನೋಡಿ, ಬೈಲಹೊಂಗಲದಲ್ಲಿ ಗಿರಣಿಗೇನು ಬರವೆ ಎಂದು ಬೇರೆ ಕಡೆ ಹೋಗುತ್ತಿದ್ದರು.

ಇದೆಲ್ಲ ನಡೆಯುತ್ತಿದ್ದದ್ದು ಅವನ ಹೆಂಡತಿ ರಾಜೇಶ್ವರಿಯ ನಿದ್ದೆಗಾಗಿ. ಒಳಕೋಣೆಯ ಕಿಟಕಿಗೆ ದಪ್ಪ ಕೌದಿ ಕಟ್ಟಿಸಿ, ಗಂಡನನ್ನು ಪಡಸಾಲೆಗೆ ಕಳಿಸಿ, ಅವಳು ಒಂಬತ್ತಕ್ಕೆಲ್ಲ ಹಾಸಿಗೆ ಸೇರುತ್ತಿದ್ದಳು. ಏಳುವುದು ಬೆಳಗಿನ ಏಳಕ್ಕೆ. ಎದ್ದವಳ ಮುಖ ನೋಡಿದರೆ ರಾತ್ರಿಯಿಡೀ ಯಾರೋ ಅವಳಿಂದ ಕಲ್ಲು ಹೊರಿಸಿದ್ದಾರೆ ಅನ್ನಿಸಬೇಕು. ದುಂಡಪ್ಪ ಚಹಾ ಲೋಟ ಕೈಗಿಟ್ಟು, "ಇವತ್ತರ ಸ್ವಲ್ಪ ಹತ್ತಿತೇನು?" ಎನ್ನುತ್ತಿದ್ದ. "ಒಂದ ನಿಮಿಷ ಸೈತ ಇಲ್ರಿ" ಎನ್ನುತ್ತಿದ್ದಳು ಅವಳು. ಮೂರು ವರ್ಷದಿಂದ ಆ ಮನೆಯ ದಿನ ಶುರುವಾಗುತ್ತಿದ್ದದ್ದೇ ಈ ಎರಡು ಮಾತಿನಿಂದ.

ರಾಜೇಶ್ವರಿ ಸಂಪಗಾಂವದ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನಲವತ್ತೇಳು ವಯಸ್ಸು. ಮೂರು ವರ್ಷದ ಹಿಂದೆ ಶಿವಾನಿಗೆ ಡೆಂಗ್ಯೂ ಬಂದು ಹತ್ತು ದಿನ ಬೆಳಗಾವಿಯ ದವಾಖಾನೆಯಲ್ಲಿ ಇರಬೇಕಾಗಿತ್ತು. ಆ ಹತ್ತೂ ರಾತ್ರಿ ರಾಜೇಶ್ವರಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಸಲೈನಿನ ಹನಿ ಬೀಳುವುದನ್ನೇ ನೋಡಿದ್ದಳು. ಎಲ್ಲಿ ಹನಿ ನಿಂತೀತೋ, ಎಲ್ಲಿ ಹುಡುಗಿಯ ಉಸಿರು ನಿಂತೀತೋ ಎಂಬ ಭಯ. ಶಿವಾನಿ ಗುಣವಾಗಿ ಮನೆಗೆ ಬಂದಳು, ಮುಂದೆ ಧಾರವಾಡದಲ್ಲಿ ಡಿಗ್ರಿಗೆ ಸೇರಿ ದಿನಾ ಬಸ್ಸಿನಲ್ಲಿ ಓಡಾಡಹತ್ತಿದಳು. ತಾಯಿಯ ನಿದ್ದೆ ಮಾತ್ರ ತಿರುಗಿ ಬರಲಿಲ್ಲ.

ಮೊದಮೊದಲು ಅವಳು ಅದನ್ನು ಅಷ್ಟಾಗಿ ಹಚ್ಚಿಕೊಂಡಿರಲಿಲ್ಲ. ಆಮೇಲೆ ಫೋನಿನಲ್ಲಿ ಓದಲು ಶುರು ಮಾಡಿದಳು. ಎಂಟು ತಾಸಿಗಿಂತ ಕಡಿಮೆ ಮಲಗಿದರೆ ಮಿದುಳು ಕುಗ್ಗುತ್ತದೆ ಎಂದು ಒಬ್ಬರು, ನೆನಪು ಹೋಗುತ್ತದೆ ಎಂದು ಇನ್ನೊಬ್ಬರು, ಎದೆ ಒಡೆದು ಸಾಯುತ್ತಾರೆ ಎಂದು ಮತ್ತೊಬ್ಬರು. ಪಾಠದ ನಡುವೆ ಒಂದು ಶಬ್ದ ಮರೆತರೆ, ಆಯಿತು, ಶುರುವಾಯಿತು ಎಂದು ಬೆನ್ನು ತಣ್ಣಗಾಗುತ್ತಿತ್ತು. ನಿದ್ದೆ ಕೆಟ್ಟ ಮರುದಿನ ರಜೆ ಹಾಕಿ ಮಲಗುವುದು, ಮಲಗಿ ನಿದ್ದೆ ಬಾರದೆ ರಾತ್ರಿಗೆ ಮತ್ತಷ್ಟು ಹೆದರುವುದು. ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟಳು. ಬೇರೆಯವರ ಮನೆಯಲ್ಲಿ ಒಂದು ರಾತ್ರಿ ಉಳಿದು ಮೂರು ವರ್ಷವಾಗಿತ್ತು. ಗುಳಿಗೆಗಳು ಒಂದಿಷ್ಟು ದಿನ ಹಿಡಿದವು, ಆಮೇಲೆ ಅವೂ ಹಿಡಿಯಲಿಲ್ಲ. ಆದರೂ ದಿಂಬಿನ ಕೆಳಗೆ ಇದ್ದರೆ ಒಂದು ಧೈರ್ಯವೆಂದು ನುಂಗುತ್ತಿದ್ದಳು.

"ರಾತ್ರಿ ನಾ ನೀರ ಕುಡ್ಯಾಕ ಎದ್ದಾಗ ನೋಡ್ತೇನಿ, ಗೊರಕಿ ಹೊಡಿತಿರ್ತಿ" ಎಂದು ದುಂಡಪ್ಪ ಒಮ್ಮೆ ಅಂದು ನೋಡಿದ್ದ.

"ಸುಳ್ಳ ಹೇಳಬ್ಯಾಡ್ರಿ. ನೀವು ಎದ್ದದ್ದು, ಕೊಡದ ಮುಚ್ಚಳಾ ತಗದದ್ದು ಎಲ್ಲಾ ನಂಗ ಕೇಳಸ್ತೈತಿ. ನಿದ್ದಿ ಬಂದಾಕಿಗೆ ಕೇಳಸ್ತೈತೇನು?"

ಮುಚ್ಚಳ ತೆಗೆದದ್ದಂತೂ ನಿಜವಾಗಿತ್ತು.

ಹೋದ ಶ್ರಾವಣದಲ್ಲಿ ಹೂಲಿಯಿಂದ ರಾಜೇಶ್ವರಿಯ ಅಕ್ಕ ಸುಂದರವ್ವನ ಮಗ ಸಚಿನ ಫೋನು ಮಾಡಿದ. ಅವ್ವನಿಗೆ ಪಿತ್ತಕೋಶದ ಆಪರೇಶನ್ನು, ಸವದತ್ತಿಯ ದವಾಖಾನೆಯಲ್ಲಿ. ತನ್ನ ಹೆಂಡತಿ ಮಹಾನಂದಾಗೆ ಮೂರು ತಿಂಗಳು, ವಾಂತಿಯಿಂದ ತಲೆ ಎತ್ತುತ್ತಿಲ್ಲ. ಹೆಣ್ಣುಮಕ್ಕಳ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲ. "ಚಿಗವ್ವಾ, ಮೂರ ರಾತ್ರಿ ನೀ ಬಂದ ಇದ್ದರ ಆಗತಿತ್ತು" ಎಂದ.

ಸುಂದರವ್ವ ಅವಳಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ಸತ್ತಾಗ ರಾಜೇಶ್ವರಿಗೆ ನಾಲ್ಕು ವರ್ಷ. ಅಕ್ಕ ಸಾಲಿ ಬಿಟ್ಟು ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗಿದಳು. ಮುಂದೆ ತನ್ನ ಗಂಡನ ಮನೆಯಲ್ಲಿಟ್ಟುಕೊಂಡು ಓದಿಸಿದಳು, ಟೀಚರು ಮಾಡಿದಳು. ಅಂಥ ಅಕ್ಕನಿಗೆ ರಾಜೇಶ್ವರಿ ಹೇಳಿದ್ದು, "ಸಚಿನ, ದವಾಖಾನ್ಯಾಗ ಮೂರ ರಾತ್ರಿ ಇದ್ರ ನಾ ಉಳ್ಯಾಂಗಿಲ್ಲೋ. ನನ್ನ ತ್ರಾಸ ನಿನಗ ಗೊತ್ತಿಲ್ಲ" ಎಂದು. "ಆತ ಬಿಡು ಚಿಗವ್ವ" ಎಂದು ಅವನು ಫೋನಿಟ್ಟ.

ಎಂಟು ದಿನದ ಮೇಲೆ ಹಣ್ಣು ಹಿಡಿದುಕೊಂಡು ಹಗಲು ಹೋಗಿ ನೋಡಿ ಬಂದಳು. ಸುಂದರವ್ವ ಹೇಗಿದ್ದೀ ಎಂದು ಕೇಳಿದಳು, ಊಟ ಮಾಡು ಎಂದಳು, ಹೋಗುವಾಗ ಬಾ ಎಂದಳು. ಅಷ್ಟೇ. ಅಲ್ಲಿಂದ ಮುಂದೆ ಅಕ್ಕನ ಫೋನು ಬರುವುದೇ ನಿಂತಿತು. ತಾನೇ ಮಾಡಿದರೆ ಎರಡು ಮಾತಿಗೆ "ಇಡ್ತೇನವಾ, ಒಲಿ ಮ್ಯಾಲ ಐತಿ" ಎನ್ನುತ್ತಿದ್ದಳು.

ದಸರೆಯ ರಜೆಯಲ್ಲಿ ಶಿವಾನಿ ತಾಯಿಯ ಎದುರು ಕೂತಳು. "ಅವ್ವಾ, ಧಾರವಾಡದಾಗ ನಿದ್ದಿ ಪರೀಕ್ಷಾ ಮಾಡ್ತಾರ. ತಲಿಗೆ ವೈರ್ ಹಚ್ಚಿ ರಾತ್ರಿಯಿಡೀ ಮಿದುಳ ಏನ ಮಾಡತೈತಿ ನೋಡ್ತಾರ. ನಾ ಹೆಸರ ಹಚ್ಚೇನಿ."

"ಪರಸ್ಥಳದಾಗ ನಂಗ ನಿದ್ದಿ ಬರ್ತೈತೇನ?"

"ಬರದಿದ್ರ ಅದನ್ನ ನೋಡ್ತಾರ. ನಿಂದ ಖರೇ ಆಗತೈತಲ್ಲ!"

ಆ ಮಾತು ರಾಜೇಶ್ವರಿಗೆ ಹಿಡಿಸಿತು. ಯಂತ್ರವಾದರೂ ತನ್ನ ಕಡೆ ಸಾಕ್ಷಿ ಹೇಳಲಿ ಎಂದು ಹೊರಟಳು.

ಧಾರವಾಡದ ಆ ದವಾಖಾನೆಯ ಮೂರನೆಯ ಮಹಡಿಯಲ್ಲಿ ಒಂದು ಸಣ್ಣ ಕೋಣೆ. ಒಬ್ಬ ನರ್ಸು ಅವಳ ಕೂದಲು ಬಿಡಿಸಿ ಬಿಡಿಸಿ ಅಂಟು ಹಚ್ಚಿ ವೈರುಗಳನ್ನು ಕೂಡಿಸಿದಳು. ಕಣ್ಣಂಚಿಗೆ, ಗದ್ದಕ್ಕೆ, ಕಾಲಿಗೆ, ಎದೆಗೆ ಒಂದೊಂದು. ಎಲ್ಲವನ್ನೂ ಒಂದು ಜಡೆ ಮಾಡಿ ಬೆನ್ನ ಹಿಂದಿನ ಡಬ್ಬಿಗೆ ಸಿಕ್ಕಿಸಿ, "ಆರಾಮ ಮಲಕೋರಿ ಟೀಚರ್" ಎಂದು ದೀಪ ಆರಿಸಿ ಹೋದಳು. ರಾಜೇಶ್ವರಿಗೆ ನಗು ಬಂತು, ಅಳುವೂ ಬಂತು. ಕೆಳಗೆ ರಸ್ತೆಯಲ್ಲಿ ಲಾರಿ ಗೇರು ಬದಲಿಸಿದ್ದು, ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮಿದ್ದು, ಹೊರಗೆ ಟ್ರಾಲಿ ಎಳೆದುಕೊಂಡು ಹೋದದ್ದು, ಒಂದೊಂದನ್ನೂ ಎಣಿಸಿದಳು. ಬೆಳಕು ಹರಿದಾಗ ಕಣ್ಣೊಳಗೆ ಉಸುಕು ತುಂಬಿದ ಹಾಗಿತ್ತು.

ಹತ್ತು ಗಂಟೆಗೆ ಡಾಕ್ಟರು ಒಳಗೆ ಕರೆದರು. ಪ್ರಣಿತಾ ಎಂದು ಹೆಸರು, ಮೂವತ್ತೈದು ದಾಟಿರಲಿಕ್ಕಿಲ್ಲ. ದುಂಡಪ್ಪನೂ ಪಕ್ಕದಲ್ಲಿ ಕೂತ.

"ಹೆಂಗಿತ್ರಿ ರಾತ್ರಿ?"

"ಏನ ಹೇಳೂದ ಬಿಡ್ರಿ. ಕಣ್ಣ ಹತ್ತಲೇ ಇಲ್ಲ. ಹೊರಗ ಟ್ರಾಲಿ ಎಳಕೊಂಡ ಹೋದ್ರಲ್ಲ, ಅದೂ ಕೇಳಸ್ತು."

ಡಾಕ್ಟರು ಕಂಪ್ಯೂಟರಿನ ಮುಖ ಅವಳ ಕಡೆ ತಿರುಗಿಸಿದರು. "ನೀವು ಐದ ತಾಸ ಹತ್ತ ನಿಮಿಷ ಮಲಗೀರಿ."

ದುಂಡಪ್ಪ ತಡೆಯಲಾರದೆ ನಕ್ಕುಬಿಟ್ಟ. "ನಾ ಹೇಳಿರಲಿಲ್ಲೇನು? ಗೊರಕಿ ಹೊಡಿತಿ ಅಂದ್ರ ನನ್ನ ಮ್ಯಾಲ ಏರಿ ಬರತಿದ್ದಿ."

ರಾಜೇಶ್ವರಿಯ ಕಿವಿ ಕಾದವು. ಮೂರು ವರ್ಷ ಮನೆಮಂದಿಯನ್ನೆಲ್ಲ ತುದಿಗಾಲಲ್ಲಿ ನಡೆಸಿದವಳು ಈಗ ಎಲ್ಲರೆದುರು ಸುಳ್ಳಿಯಾದಳು. ಎದ್ದು ಹೋಗಬೇಕೆಂದು ಚೀಲಕ್ಕೆ ಕೈ ಹಾಕಿದಳು.

"ನಗಬ್ಯಾಡ್ರಿ ಯಜಮಾನ್ರ" ಎಂದರು ಡಾಕ್ಟರು. "ಇವರು ಸುಳ್ಳ ಹೇಳಿಲ್ಲ. ಟ್ರಾಲಿ ಹೋದದ್ದು ಖರೇ, ನಮ್ಮ ನರ್ಸ ಬರದಿಟ್ಟಾಳ, ಎರಡ ಗಂಟಿ ನಲವತ್ತ ನಿಮಿಷಕ್ಕ. ಆವಾಗ ಯಂತ್ರದ ಲೆಕ್ಕದಾಗ ಇವರು ನಿದ್ದ್ಯಾಗ ಇದ್ರು. ಆದ್ರೂ ಇವರಿಗೆ ಕೇಳಿಸೇತಿ. ಇಲ್ಲಿ ನೋಡ್ರಿ."

ತೆರೆಯ ಮೇಲೆ ಗೆರೆಗಳು ಓಡುತ್ತಿದ್ದವು. ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. "ಗಾಢ ನಿದ್ದ್ಯಾಗ ಗೆರಿ ಹಿಂಗ ದೊಡ್ಡದಾಗಿ, ನಿಧಾನಾಗಿ ಏರಿ ಇಳೀತಾವ. ನಿಮ್ಮವೂ ಅದಾವ. ಆದ್ರ ಅದರ ಮ್ಯಾಲ ಈ ಸಣ್ಣ ಸಣ್ಣ ಚುರುಕ ಗೆರಿ ಕಾಣಸ್ತಾವಲ್ಲ? ಇವು ನಾವು ಎಚ್ಚರಿದ್ದ ವಿಚಾರ ಮಾಡೂವಾಗ ಬರೂವಂಥವು. ಮಿದುಳೆಲ್ಲಾ ಒಮ್ಮೆಲೆ ಬಂದ್ ಆಗೂದಿಲ್ಲರಿ. ನಿಮ್ಮದು ಮಲಗಿದ್ರೂ ಒಂದ ಕಡೆ ಕಿವಿ ತಗದ ಇಟ್ಟೈತಿ. ಅದಕ್ಕ ಬೆಳಿಗ್ಗೆ ಎದ್ದಾಗ ಮಲಗಿದ್ದ ನೆನಪ ಇರೂದಿಲ್ಲ, ಎಚ್ಚರಿದ್ದದ್ದಷ್ಟ ನೆನಪ ಇರತೈತಿ."

ರಾಜೇಶ್ವರಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಕಾಯಿಲೆ ಇದೆ ಎಂದು ಅತ್ತವಳಲ್ಲ ಅವಳು. ತನ್ನ ಮಾತು ಒಬ್ಬರಿಗಾದರೂ ತಿಳಿಯಿತಲ್ಲ ಎಂದು. ದುಂಡಪ್ಪ ತಲೆ ತಗ್ಗಿಸಿ ಅಂಗೈಗೆ ಅಂಟಿದ್ದ ಹಿಟ್ಟಿನ ಬಿಳುಪನ್ನು ತಿಕ್ಕುತ್ತ ಕೂತ.

ಡಾಕ್ಟರು ಅವಳನ್ನು ಅಳಲು ಬಿಟ್ಟು, ಆಮೇಲೆ ಎಲ್ಲವನ್ನೂ ಕೇಳಿದರು. ಡೆಂಗ್ಯೂ, ಸ್ಟೂಲು, ಸಲೈನು, ಗುಳಿಗೆ, ಫೋನಿನಲ್ಲಿ ಓದಿದ್ದು. ಒಂದು ಕಾಗದ ಕೊಟ್ಟು, ಅದರಲ್ಲಿರುವ ಮಾತುಗಳನ್ನು ಎಷ್ಟು ನಂಬುತ್ತೀರಿ, ಸೊನ್ನೆಯಿಂದ ಹತ್ತರ ತನಕ ಅಂಕ ಹಾಕಿ ಎಂದರು. ನಿದ್ದೆಗೆಟ್ಟ ಮರುದಿನ ನಾನು ಯಾವ ಕೆಲಸಕ್ಕೂ ಬಾರದವಳು. ಒಂದು ರಾತ್ರಿ ಕೆಟ್ಟರೆ ವಾರವೇ ಕೆಟ್ಟಂತೆ. ನಿದ್ದೆಯಿಲ್ಲದೆ ನನ್ನ ಮಿದುಳು ಹಾಳಾಗುತ್ತಿದೆ. ರಾಜೇಶ್ವರಿ ಎಲ್ಲದಕ್ಕೂ ಹತ್ತು ಹಾಕಿದಳು.

"ಒಂದಕ್ಕರ ಒಂಬತ್ತ ಕೊಡಬಾರದೇನ್ರಿ?" ಡಾಕ್ಟರು ನಕ್ಕರು.

"ಖರೇ ಇದ್ದದ್ದಕ್ಕ ಹತ್ತ ಕೊಡಬೇಕಲ್ರಿ."

"ಖರೇ ಐತೋ ಇಲ್ಲೋ ನೋಡೂನು. ಮಿದುಳ ಕಾವಲ ಕಾಯೂದು ನಿಮ್ಮ ಕೈಯಾಗಿಲ್ಲ. ಅದಕ್ಕ ಹೆದರೂದು ಸ್ವಲ್ಪ ಕಡಿಮಿ ಮಾಡಾಕ ಬರತೈತಿ. ಹೆದರಿಕಿ ಕಡಿಮಿ ಆದ್ರ ಕಾವಲಾನೂ ಸಡಲ ಆಗತೈತಿ. ಆದ್ರ ನಾ ಹೇಳೂದು ನಿಮಗ ಸೇರೂದಿಲ್ಲ."

ಸೇರುವಂಥದ್ದು ಅದಾಗಿರಲೂ ಇಲ್ಲ. ಹನ್ನೊಂದೂವರೆಗಿಂತ ಮೊದಲು ಹಾಸಿಗೆ ಮುಟ್ಟುವ ಹಾಗಿಲ್ಲ. ನಿದ್ದೆ ಬಂದರೂ ಬಾರದಿದ್ದರೂ ಐದಕ್ಕೆ ಏಳಬೇಕು. ನಡುವೆ ಎಚ್ಚರವಾಗಿ ಹೊರಳಾಡುವಂತಾದರೆ ಎದ್ದು ಬೇರೆ ಕಡೆ ಕೂಡಬೇಕು. ಗಡಿಯಾರ ನೋಡಬಾರದು. ಹಗಲು ಒರಗಬಾರದು. ನಿದ್ದೆ ಕೆಟ್ಟಿತೆಂದು ಸಾಲಿ ತಪ್ಪಿಸಬಾರದು. ಗುಳಿಗೆಯನ್ನು ಬರೆದುಕೊಟ್ಟ ಪ್ರಕಾರ ತುಸು ತುಸುವೇ ಇಳಿಸಬೇಕು. ಮತ್ತೆ, ಮನೆ ಮೊದಲಿನಂತೆ ಸದ್ದು ಮಾಡಬೇಕು.

"ಹಾಸಿಗ್ಯಾಗ ಐದೂವರಿ ತಾಸ ಅಷ್ಟೇನ್ರಿ? ನಾ ಸತ್ತ ಹೋಗ್ತೇನಿ."

"ಸಾಯೂದಿಲ್ಲರಿ. ಬಹಳ ದಣಿತೀರಿ. ಹದಿನೈದ ದಿನ ನನ್ನ ಬಯ್ಕೋತ ಇರ್ರಿ" ಎಂದರು ಡಾಕ್ಟರು.

ಬಯ್ದಳು. ಹತ್ತು ಗಂಟೆಗೆ ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತ, ಅಕ್ಕಿ ಆರಿಸುತ್ತ, ತಲೆ ಎದೆಗೆ ಬೀಳುವಾಗ ಬಯ್ದಳು. ಹನ್ನೊಂದೂವರೆಗೆ ಹಾಸಿಗೆಗೆ ಹೋದ ಕೂಡಲೇ ಅದೇ ತಲೆ ದೀಪ ಹಚ್ಚಿದಂತೆ ಎಚ್ಚರಾದಾಗ ಬಯ್ದಳು. ಐದಕ್ಕೆ ಶಿವಾನಿ ಬಂದು ಕೌದಿ ಎಳೆದಾಗ ಮಗಳನ್ನೂ ಸೇರಿಸಿ ಬಯ್ದಳು. ದುಂಡಪ್ಪ ಗಿರಣಿಯನ್ನು ಮತ್ತೆ ಒಂಬತ್ತರ ತನಕ ನಡೆಸತೊಡಗಿದ; ಪಟ್ಟಾ ಹೊಡೆದುಕೊಳ್ಳುವ ಸದ್ದಿಗೆ ಗೋಡೆಯೆಲ್ಲ ನಡುಗುವಾಗ ಅವಳು ಎರಡೂ ಕಿವಿ ಮುಚ್ಚಿಕೊಂಡು ಕೂತಿರುತ್ತಿದ್ದಳು. ಏಳನೆಯ ದಿನ ಸಂಪಗಾಂವದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ತೂಕಡಿಸಿ, ಮುಂದಿದ್ದ ಮುದುಕನ ತಲೆಯ ಪಟಗದ ಮೇಲೆ ಬಿದ್ದಳು. ಅಂದು ಮಧ್ಯಾಹ್ನ ಡಾಕ್ಟರಿಗೆ ಫೋನು ಮಾಡಿ, "ನನ್ನ ಕೈಲೆ ಆಗೂದಿಲ್ರಿ. ಹಿಂಗ ಇದ್ರ ಹುಡುಗ್ರಿಗೆ ಏನ ಪಾಠಾ ಹೇಳಲಿ?" ಎಂದಳು.

"ಪಾಠಾ ಕೆಟ್ಟೈತಿ ಅಂತ ಯಾರರ ಹೇಳ್ಯಾರೇನು?"

"ನಂಗ ಗೊತ್ತಾಗೂದಿಲ್ಲೇನ್ರಿ?"

"ನಿಮ್ಮ ನಿದ್ದಿ ವಿಷಯ ಗೊತ್ತಿಲ್ಲದವರು ಯಾರರ ಇದ್ರ ಅವರಿಗೆ ಕೇಳಿ ನೋಡ್ರಿ."

ಅವಳ ನಿದ್ದೆಯ ಕಥೆ ಸಾಲಿಯಲ್ಲಿ ಹೆಡ್ಮಾಸ್ತರರ ಹೊರತು ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಕ್ಲಾಸಿನಲ್ಲಿ ಗಣಿತ ಹೇಳುವ ಭರಮಪ್ಪ ಮಾಸ್ತರರಿಗೂ ಅವಳ ಕ್ಲಾಸಿಗೂ ನಡುವೆ ಒಂದೇ ಗೋಡೆ. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಕೇಳಿಸುವುದು. ಮರುದಿನ ಊಟದ ಹೊತ್ತಿಗೆ ಅವರ ಮುಂದೆ ಹೋಗಿ ನಿಂತಳು.

"ಸರ್, ಒಂದ ಕೆಲಸಾ ಮಾಡಬೇಕ್ರಿ. ಹದಿನೈದ ದಿನ ನನ್ನ ಪಾಠ ಯಾವತ್ತ ಛಲೋ ಆತು, ಯಾವತ್ತ ಕೆಟ್ಟಿತು ಬರದಿಡ್ರಿ."

ಮಾಸ್ತರರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. "ಯಾಕ್ರಿ ಮೇಡಂ, ತಪಾಸಣಿ ಬರೂದೈತೇನು?"

"ಇಲ್ರಿ. ನಂಗ ಬೇಕಾಗೇತಿ."

"ನಿಮ್ಮ ಪಾಠಕ್ಕ ಅಂಕ ಹಾಕಿ ನಾ ಯಾವ ಊರಿಗೆ ಹೋಗಲಿ?" ಎಂದು ಗೊಣಗಿದರು. ಆದರೂ ದಿನದರ್ಶಿಕೆಯ ಮೂಲೆಯಲ್ಲಿ ಬರೆದಿಟ್ಟರು. ಇತ್ತ ರಾಜೇಶ್ವರಿ ಡಾಕ್ಟರು ಕೊಟ್ಟ ಹಾಳೆಯಲ್ಲಿ ತನ್ನ ರಾತ್ರಿಗಳನ್ನು ಬರೆಯುತ್ತಿದ್ದಳು.

ಹದಿನೈದು ದಿನ ಆದ ಮೇಲೆ ಸ್ಟಾಫ್ ರೂಮಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಮಾಸ್ತರರ ಪ್ರಕಾರ ಕೆಟ್ಟ ದಿನಗಳು ಎರಡೇ. "ಈ ಮಂಗಳವಾರ ಬರೇ ಸಿಟ್ಟೀಲೆ ಮಾತಾಡಿದ್ರಿ, ಇಬ್ಬರ ಹುಡುಗ್ರನ್ನ ಹೊರಗ ನಿಂದರಸಿದ್ರಿ" ಎಂದರು. ಅದರ ಹಿಂದಿನ ರಾತ್ರಿಗೆ ಅವಳ ಹಾಳೆಯಲ್ಲಿ 'ಪರವಾಗಿಲ್ಲ' ಎಂದಿತ್ತು. ಆ ಇಡೀ ಪಟ್ಟಿಯಲ್ಲಿ ಅದೇ ಒಳ್ಳೆಯ ರಾತ್ರಿ. ಇನ್ನೊಂದು ದಿನ ಅವಳಿಗೆ ನೆಗಡಿಯಾಗಿತ್ತು. ಎಲ್ಲಕ್ಕಿಂತ ಛಲೋ ದಿನವೆಂದು ಅವರು ಎರಡು ಗೆರೆ ಎಳೆದದ್ದು ಗುರುವಾರಕ್ಕೆ. "ಆವತ್ತ ಹಳಗನ್ನಡ ಪದ್ಯಾ ರಾಗ ಹಚ್ಚಿ ಹಾಡಿದ್ರಲ್ರಿ, ನನ್ನ ಹುಡುಗ್ರು ಗಣಿತಾ ಬಿಟ್ಟ ಆ ಕಡೆ ಕಿವಿ ಕೊಟ್ಟ ಕುಂತಿದ್ರು. ನಾನೂ ಕುಂತೆ." ಅದರ ಹಿಂದಿನ ಬುಧವಾರ ರಾತ್ರಿ ಅವಳು ನಿದ್ದೆ ಬಾರದೆ ಹಿತ್ತಲ ಕಟ್ಟೆಯ ಮೇಲೆ ಕೂತು ಅತ್ತಿದ್ದಳು.

ಇದನ್ನು ನೋಡಿ ಖುಷಿಯಾಗಬೇಕಿತ್ತು. ರಾಜೇಶ್ವರಿಗೆ ಆದದ್ದು ಸುಸ್ತು. ಹಾಗಾದರೆ ಆ ರಜೆಗಳು, ಹೋಗದೆ ಬಿಟ್ಟ ಮದುವೆಗಳು, ಮಾಳಿಗೆಯ ಚಳಿಯಲ್ಲಿ ನಿಂತು ಪಿಸುಗುಟ್ಟಿದ ಮಗಳು, ಪಡಸಾಲೆಯಲ್ಲಿ ಮಲಗಿ ಬೆನ್ನು ಹಿಡಿದುಕೊಂಡ ಗಂಡ, ಇವೆಲ್ಲ ಯಾವುದಕ್ಕಾಗಿ? ಸವದತ್ತಿಯ ವಾರ್ಡಿನಲ್ಲಿ ಮೂರು ರಾತ್ರಿ ಕೂತಿದ್ದರೆ ಏನಾಗುತ್ತಿತ್ತು? ದಣಿವಾಗುತ್ತಿತ್ತು. ಅಷ್ಟೇ. ಈಗಿನಷ್ಟು ದಣಿವು.

ಅಕ್ಕನಿಗೆ ಫೋನು ಮಾಡಬೇಕೆಂದುಕೊಂಡಳು. ಏನು ಹೇಳಬೇಕೆಂದು ತಿಳಿಯದೆ ದಿನ ದೂಡಿದಳು. ನಿದ್ದೆ ಒಂದೊಂದು ರಾತ್ರಿ ಬರುತ್ತಿತ್ತು, ಒಂದೊಂದು ರಾತ್ರಿ ಇಲ್ಲ. ಡಾಕ್ಟರು ಹಾಸಿಗೆಯ ಸಮಯವನ್ನು ಕಾಲು ತಾಸು ಹೆಚ್ಚಿಸಿದರು.

ಸಂಕ್ರಾಂತಿ ಮುಗಿದು ನಾಲ್ಕು ದಿನಕ್ಕೆ ಶಿವಾನಿ ಊಟಕ್ಕೆ ಕೂತವಳು, "ದೊಡ್ಡವ್ವ ಬಚ್ಚಲದಾಗ ಜಾರಿ ಬಿದ್ದ ಕಾಲ ಮುರಕೊಂಡಾಳಂತ. ಎಂಟ ದಿನ ಆತಂತ" ಎಂದಳು. ಸಚಿನನ ಜೊತೆ ಅವಳು ಆಗಾಗ ಮಾತಾಡುತ್ತಿದ್ದಳು.

"ಎಂಟ ದಿನ! ನಂಗ ಯಾಕ ಹೇಳಲಿಲ್ಲ?"

ಶಿವಾನಿ ತಂದೆಯ ಮುಖ ನೋಡಿದಳು. "ದೊಡ್ಡವ್ವನೇ ಬ್ಯಾಡ ಅಂದ್ಲಂತ. ಆಕಿ ನಿದ್ದಿ ಕೆಡತೈತಿ, ಹೇಳಬ್ಯಾಡ್ರಿ ಅಂದ್ಲಂತ."

ಉಳಿದದ್ದನ್ನೂ ಶಿವಾನಿಯೇ ಹೇಳಿದಳು. ಮಹಾನಂದಾ ಹೆರಿಗೆಗೆಂದು ಸುರೇಬಾನದ ತವರಿಗೆ ಹೋಗಿದ್ದಾಳೆ. ಸಚಿನ ಹಿಂಗಾರಿ ಜೋಳಕ್ಕೆ ನೀರು ಹಾಯಿಸಲು ಹೊಲಕ್ಕೆ ಹೋಗುತ್ತಾನೆ, ಕರೆಂಟು ಕೊಡುವುದೇ ರಾತ್ರಿ. ಅಂದರೆ ಅಕ್ಕ ರಾತ್ರಿಯೆಲ್ಲ ಒಬ್ಬಳೇ. ಶನಿವಾರ ಅರ್ಧ ದಿನದ ಸಾಲಿ ಮುಗಿಸಿ ರಾಜೇಶ್ವರಿ ಮನೆಗೆ ಬಂದು ಎರಡು ಸೀರೆ ಚೀಲಕ್ಕೆ ಹಾಕಿಕೊಂಡಳು. ದುಂಡಪ್ಪ ಬಸ್ ಸ್ಟ್ಯಾಂಡಿನ ತನಕ ಬಂದು, "ನಾನೂ ಬರಲೇನು?" ಎಂದ. ಬೇಡ ಎಂದಳು. ಸವದತ್ತಿಗೆ ಒಂದು ಬಸ್ಸು, ಅಲ್ಲಿಂದ ಹೂಲಿಗೆ ಇನ್ನೊಂದು. ಹಾದಿಯುದ್ದಕ್ಕೂ ಹಳೆಯ ಹೆದರಿಕೆಯೇ ಜೊತೆಗಿತ್ತು. ಇಂದು ರಾತ್ರಿ ನಿದ್ದೆ ಬಾರದಿದ್ದರೆ, ನಾಳೆಯೂ ಬಾರದಿದ್ದರೆ. ಅದು ಹೋಗಿರಲಿಲ್ಲ. ಅದನ್ನು ಹೊತ್ತುಕೊಂಡೇ ಹೋದಳು.

ಸುಂದರವ್ವ ನಡುಮನೆಯ ಮಂಚದ ಮೇಲೆ ಮಲಗಿದ್ದಳು. ಮೊಳಕಾಲ ತನಕ ಪ್ಲಾಸ್ಟರು. ಕೂದಲು ಬಾಚಿ ಎಷ್ಟು ದಿನವಾಗಿತ್ತೋ.

"ಯಾಕ ಬಂದಿ?"

"ನಿನ್ನ ನೋಡಾಕ ಅಕ್ಕಾ."

"ನೋಡಿದಿಯಲ್ಲ. ಚಾ ಕುಡದ ಐದರ ಬಸ್ಸಿಗೆ ಹೋಗು. ಆಮ್ಯಾಲ ಬಸ್ಸಿಲ್ಲ."

"ಸೋಮವಾರ ಮುಂಜಾನಿ ಹೋಗ್ತೇನಿ."

"ಇಲ್ಲಿ ಎಮ್ಮಿ ಒದರತಾವ, ನಾಯಿ ಬೊಗಳತಾವ. ನಾ ರಾತ್ರಿ ಎರಡ ಸಲ ಏಳಬೇಕು, ಒಬ್ಬರು ಹಿಡೀಬೇಕು. ನಿನಗ ನಿದ್ದಿ ಬರೂದಿಲ್ಲ."

"ಬರದಿದ್ರ ಬಿಡ್ಲಿ."

ಸುಂದರವ್ವ ಗೋಡೆಯ ಕಡೆ ತಿರುಗಿದಳು.

ರಾಜೇಶ್ವರಿ ಕಸ ಹೊಡೆದಳು, ರೊಟ್ಟಿ ಬಡಿದಳು, ಅಕ್ಕನ ತಲೆಗೆ ಎಣ್ಣೆ ಹಚ್ಚಿ ಹೆಣೆದಳು. ಸಚಿನ ಉಂಡು ಬ್ಯಾಟರಿ ಹಿಡಿದು ಹೊಲಕ್ಕೆ ಹೋದ. ರಾತ್ರಿ ಮಂಚದ ಬದಿಗೆ ಚಾಪೆ ಹಾಸಿಕೊಂಡಳು. ದೀಪ ಆರಿಸಿದ ಮೇಲೆ ಸುಂದರವ್ವ ಮಾತಾಡಿದಳು.

"ಆಪರೇಶನ್ ಆದ ರಾತ್ರಿ ಬಾಜೂ ಕಾಟಿನಾಕಿ ಮಗಳ ಬಂದಿದ್ಲು. ನನಗೂ ಆಕಿನೇ ಬಾಯಿ ಒದ್ದಿ ಮಾಡಿದ್ಲು. ನಿಮ್ಮವರ್ಯಾರೂ ಇಲ್ಲೇನ್ರಿ ಅಂದ್ಲು. ತಂಗಿ ಅದಾಳ ಅಂದೆ. ಎಲ್ಲಿ ಅಂದ್ಲು. ಆಕಿಗೆ ಆರಾಮಿಲ್ಲ ಅಂದೆ."

"ನಂದ ತಪ್ಪಾತ ಅಕ್ಕಾ."

"ತಪ್ಪ ಅಂತ ಹೇಳಾಕತ್ತಿಲ್ಲ. ಆದದ್ದ ಹೇಳಾಕತ್ತೇನಿ."

ರಾಜೇಶ್ವರಿ ತನ್ನ ಕಾಯಿಲೆಯ ಮಾತು ಎತ್ತಲಿಲ್ಲ. ಗೆರೆಗಳ ಮಾತನ್ನೂ ಎತ್ತಲಿಲ್ಲ. ಆ ರಾತ್ರಿ ನಿಜಕ್ಕೂ ನಿದ್ದೆ ಬಂದಂತಾಗಲಿಲ್ಲ. ಎರಡು ಸಲ ಅಕ್ಕನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು, ಕೂಡಿಸಿದಳು, ಮಲಗಿಸಿದಳು. ಭಾನುವಾರ ದಿನವಿಡೀ ಎಮ್ಮೆಯ ಸಗಣಿ ಬಳಿದು, ಹಾಸಿಗೆಯ ಅರಿವೆಗಳನ್ನೆಲ್ಲ ಒಗೆದು ಒಣಗಿಸಿ, ಕಾಳು ಹಸನು ಮಾಡಿದಳು. ಮಧ್ಯಾಹ್ನ ಕಣ್ಣು ತಾನಾಗಿ ಮುಚ್ಚುತ್ತಿದ್ದರೂ ಒರಗಲಿಲ್ಲ. ಬಾಗಿಲಲ್ಲಿ ಕೂತು ಬೀದಿ ನೋಡಿದಳು. ಆ ರಾತ್ರಿ ಅಕ್ಕನಿಗೆ ನೀರು ಕೊಟ್ಟು ಚಾಪೆಗೆ ಬೆನ್ನು ಹಚ್ಚಿದ್ದಷ್ಟೇ ನೆನಪು.

ಸಚಿನ ಬಂದು ಬಾಗಿಲು ಬಡಿದಾಗ ಎಚ್ಚರಾಯಿತು. ಹೊರಗೆ ಬೆಳಕಾಗಿತ್ತು. ಸುಂದರವ್ವ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಮಂಚದ ಕೌದಿ ತೊಯ್ದು ಹನಿ ನೆಲಕ್ಕೆ ಬಿದ್ದಿತ್ತು.

"ಅಕ್ಕಾ! ಯಾಕ ಕರೀಲಿಲ್ಲ?"

"ಕರೀಲಿಲ್ಲ? ಮೂರ ಸಲ ಕರದೆ. ಕಡೀಕ ಲೋಟಾ ಒಗದೆ. ಅಗೋ ನೋಡು, ನಿನ್ನ ತಲಿ ಹತ್ರ ಬಿದ್ದೈತಿ."

ದಿಂಬಿನಿಂದ ಒಂದು ಗೇಣು ದೂರದಲ್ಲಿ ಸ್ಟೀಲಿನ ಲೋಟ ಮಗ್ಗುಲಾಗಿ ಬಿದ್ದಿತ್ತು. ರಾಜೇಶ್ವರಿಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಆ ನಾಚಿಕೆಯ ಅಡಿಯಲ್ಲಿ ಇನ್ನೊಂದು ಏನೋ ಹೊಯ್ದಾಡುತ್ತಿತ್ತು. ಈ ಹೊತ್ತಿನಲ್ಲಿ ಅದಕ್ಕೆ ಹೆಸರಿಡುವುದೂ ಪಾಪವೆಂದು ಬಾಯಿ ಬಿಗಿಹಿಡಿದಳು.

"ಅಕ್ಕನ್ನ ನೋಡಾಕ ಬಂದಾಕಿ ಛಲೋ ನೋಡಿದಿ" ಎಂದಳು ಸುಂದರವ್ವ. "ಹೆಣಾ ಬಿದ್ದಂಗ ಬಿದ್ದಿದ್ದಿ. ನಿದ್ದಿ ಬರೂದಿಲ್ಲಂತ ನಿದ್ದಿ. ಯಾವ ಡಾಕ್ಟರ ಹೇಳಿದ್ನೋ. ನಿಂತ ಏನ ನೋಡ್ತಿ, ನನ್ನ ಸೀರಿ ಬದಲಸು ಮೊದಲ, ಥಂಡಿ ಹತ್ತೇತಿ."

ಅಕ್ಕ ಹೀಗೆ ಬಾಯಿ ತುಂಬ ಬಯ್ದು ಆರು ತಿಂಗಳಾಗಿತ್ತು. ರಾಜೇಶ್ವರಿ ನೀರು ಕಾಯಿಸಿ ಮೈ ಒರೆಸಿದಳು, ಸೀರೆ ಉಡಿಸಿದಳು, ಕೌದಿಯನ್ನು ಹಿತ್ತಲ ಕಲ್ಲಿಗೆ ಒಯ್ದು ಒಗೆದಳು. ಒದ್ದೆ ಕೌದಿ ಎತ್ತಲಾರದಷ್ಟು ಭಾರ; ಸಚಿನ ಒಂದು ತುದಿ ಹಿಡಿದು ಹಿಂಡಿದ. ಬೆಳಗಿನ ಬಸ್ಸು ತಪ್ಪಿತು. ಸಾಲಿಗೆ ಫೋನು ಮಾಡಿ ರಜೆ ಕೇಳಿದಳು. "ಮತ್ತ ನಿದ್ದಿ ಆಗಿಲ್ಲೇನ್ರಿ ಮೇಡಂ?" ಎಂದರು ಹೆಡ್ಮಾಸ್ತರರು. ಇಲ್ಲ, ಅಕ್ಕನ ಕಾಲು ಮುರಿದಿದೆ ಎಂದಳು.

ಅವಳು ಹೊರಡುವಾಗ ಸುಂದರವ್ವ ಬಾ ಎನ್ನಲಿಲ್ಲ. "ಮುಂದಿನ ಶನಿವಾರ ಬರೂದಿದ್ರ ಒಂದ ಹಗ್ಗ ತಗೊಂಬಾ. ನಿನ್ನ ಕೈಗೆ ಕಟ್ಟಿ ಜಗ್ಗತೇನಿ" ಎಂದಳು.

ಹಗ್ಗ ತರಲಿಲ್ಲ, ಒಂದು ಹಳೆಯ ಸೀರೆಯ ಅಂಚನ್ನು ಹರಿದು ಕಟ್ಟಿಕೊಂಡರು. ಒಂದು ತುದಿ ಇವಳ ಮುಂಗೈಗೆ, ಇನ್ನೊಂದು ಮಂಚಕ್ಕೆ. ಮುಂದಿನ ಐದು ವಾರ, ಶನಿವಾರ ಮತ್ತು ಭಾನುವಾರದ ರಾತ್ರಿ, ಸುಂದರವ್ವ ಅಂಚು ಜಗ್ಗಿದಳು, ರಾಜೇಶ್ವರಿ ಎದ್ದಳು. ಸಚಿನ ಆ ಎರಡು ರಾತ್ರಿ ಹೊಲ ನೋಡಿಕೊಂಡು, ಉಳಿದ ರಾತ್ರಿ ಅವ್ವನ ಬಳಿ ಇರುತ್ತಿದ್ದ. ಕೆಲವು ರಾತ್ರಿ ಜಗ್ಗುವ ಮೊದಲೇ ಎಚ್ಚರಿರುತ್ತಿದ್ದಳು. ಕತ್ತಲಲ್ಲಿ ಅಕ್ಕನ ಉಸಿರು ಕೇಳುತ್ತ, ತನ್ನ ಮಿದುಳಿನ ಆ ಕಾವಲುಗಾರ ಇನ್ನೂ ಕೂತೇ ಇದ್ದಾನೆ ಎಂದುಕೊಳ್ಳುತ್ತಿದ್ದಳು. ಕೂತಿರಲಿ. ಸೋಮವಾರ ಕಣ್ಣು ಉರಿಯುತ್ತಿದ್ದರೂ ಮೊದಲ ಬಸ್ಸು ಹಿಡಿದು ಸಂಪಗಾಂವಕ್ಕೆ ಹೋಗಿ ಪಾಠ ಹೇಳುತ್ತಿದ್ದಳು. ದಣಿವಂತೂ ಇತ್ತು. ಮೊದಲಿಗಿಂತ ಹೆಚ್ಚೇ ಇತ್ತು. ಧಾರವಾಡದಲ್ಲಿ ಡಾಕ್ಟರು ಮತ್ತೆ ಅದೇ ಕಾಗದ ಕೊಟ್ಟಾಗ ಕೆಲವದಕ್ಕೆ ಆರು ಹಾಕಿದಳು, ಒಂದೆರಡಕ್ಕೆ ಮೂರು. ಮಿದುಳು ಹಾಳಾಗುತ್ತದೆ ಎಂಬುದಕ್ಕೆ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ ಎಂಟು ಹಾಕಿದಳು. ಅದೊಂದು ಅಷ್ಟು ಸುಲಭವಾಗಿ ಬಿಡುವಂತಿರಲಿಲ್ಲ.

ಮಹಾಶಿವರಾತ್ರಿಯ ಮುಂದಿನ ವಾರ ಸವದತ್ತಿಯಲ್ಲಿ ಪ್ಲಾಸ್ಟರು ಕತ್ತರಿಸಿದರು. ಒಳಗಿನ ಕಾಲು ತೆಳ್ಳಗೆ, ಬೆಳ್ಳಗೆ, ಇನ್ನಾರದ್ದೋ ಕಾಲಿನ ಹಾಗಿತ್ತು. ದವಾಖಾನೆಯವರು ವಾಕರ್ ಕೊಟ್ಟು ನಡೆಯಿರಿ ಎಂದರು. ಸುಂದರವ್ವ ಅದನ್ನು ಒಮ್ಮೆ ಅಲ್ಲಾಡಿಸಿ ನೋಡಿ ಬದಿಗೆ ಸರಿಸಿದಳು. "ಇದರ ಮ್ಯಾಲ ನನಗ ನಂಬಿಕಿಲ್ಲ. ರಾಜೀ, ಬಾ ಇಲ್ಲೆ" ಎಂದಳು. ರಾಜೇಶ್ವರಿ ಹೋಗಿ ಹೆಗಲು ಕೊಟ್ಟಳು. ಅಕ್ಕ ಮೈಭಾರವನ್ನೆಲ್ಲ ಅವಳ ಮೇಲೆ ಬಿಟ್ಟು, ಬಯ್ಯುತ್ತ, ನಿಲ್ಲುತ್ತ, ಕಾರಿಡಾರಿನ ಬಾಗಿಲ ತನಕ ನಡೆದಳು.